ಹನ್ನೊಂದು ಸೆಕೆಂಡಿನ ಟೇಪು

...ಅಥವಾ ಆ ಮಧ್ಯಾಹ್ನ ನಾನು ಊಟ ಮಾಡುತ್ತಲೇ ಇರಲಿಲ್ಲವೋ ಏನೋ. ಊಟ ಮುಗಿಸಿ, ಕೈ ತೊಳೆದು, ಆ ಊರಿನ ಮನೆಮನೆಯಲ್ಲೂ ಇರುವ ತೂಗುಮಂಚದ ಮೇಲೆ ಕೂತಿದ್ದೆನೇ? ತಟ್ಟೆ ನೆನಪಿದೆ. ತಟ್ಟೆಯಲ್ಲಿ ಜೋಳದ ಭಕ್ಕರಿ ಇದ್ದದ್ದೂ ನೆನಪಿದೆ. ಆದರೆ ಆ ಮನೆಯಲ್ಲಿ ನಾನು ಎಷ್ಟು ಸಲ ಭಕ್ಕರಿ ತಿಂದಿದ್ದೇನೆಂದರೆ, ಯಾವ ದಿನದ ಭಕ್ಕರಿಯನ್ನು ಯಾವ ದಿನದ ತಟ್ಟೆಗೆ ಹಾಕುತ್ತಿದ್ದೇನೆ ಎಂಬ ಖಾತ್ರಿ ಇಲ್ಲ. ಬಾಗಿಲಿಗೆ ಒಬ್ಬ ಮನುಷ್ಯ ಬಂದು ನಿಂತ. ಅವನಿಗೆ ಬಾಡಿಗೆಗೆ ಖೋಲಿ ಇಲ್ಲ ಎಂದು ಹೇಳಿದ್ದು ಒಳಗಿದ್ದ ನನಗೆ ಕೇಳಿಸಿತು. ನಾನು ಎದ್ದು ಹೋಗಲಿಲ್ಲ. ಇಷ್ಟು ಮಾತ್ರ ಇಷ್ಟು ವರ್ಷ ಬದಲಾಗದೆ ಉಳಿದಿದೆ. ಬದಲಾಗದೆ ಉಳಿದದ್ದರ ಮೇಲೆಯೇ ನನಗೆ ಹೆಚ್ಚು ಗುಮಾನಿ.

ಅರವತ್ತರ ದಶಕದ ನಡುವಿನ ವರ್ಷಗಳು. ನಾನು ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಆ ಮನೆ ಇದ್ದದ್ದು ವಡೋದರಾದಲ್ಲಿ. ನಾವೆಲ್ಲ ಆಗ ಬರೋಡಾ ಎನ್ನುತ್ತಿದ್ದೆವು. ಮಕರಪುರದ ಕಡೆ ಹೋಗುವ ರಸ್ತೆಯಲ್ಲಿ, ಎರಡು ಅಂತಸ್ತಿನ ಮನೆ. ಮನೆಯ ಯಜಮಾನರು ಧಾರವಾಡದವರು, ಒಂದು ವಿಮಾ ಕಂಪನಿಯ ಇನ್‌ಸ್ಪೆಕ್ಟರು. ಗಿರಣಿಯಲ್ಲಿ ಹತ್ತಿಗೆ ಬೆಂಕಿ ಬಿದ್ದರೆ, ಅದು ತಾನಾಗಿ ಬಿದ್ದದ್ದೋ ಯಾರಾದರೂ ಇಟ್ಟದ್ದೋ ಎಂದು ನೋಡಿ ಬರುವುದು ಅವರ ಕೆಲಸ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ರಕ್ತಸಂಬಂಧ ಏನೂ ಇರಲಿಲ್ಲ. ಗುಜರಾತಿನ ಬೇಳೆಯಲ್ಲಿನ ಬೆಲ್ಲಕ್ಕೆ ಸೋತು, ಖಾರ ಹುಡುಕಿಕೊಂಡು ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಅದೇ ಸಂಬಂಧ.

ಕಾಕಾ ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ತಿಂಗಳಿಗೊಮ್ಮೆ ಭಾನುವಾರ ಸಂಜೆ ಕಿರುಚಿತ್ರಗಳನ್ನು ತೋರಿಸುವ ಏರ್ಪಾಡು ಅವರದೇ. ಅಹಮದಾಬಾದಿನ ಒಂದು ವಾಚನಾಲಯದಲ್ಲಿ ರೀಲುಗಳು ಎರವಲು ಸಿಗುತ್ತಿದ್ದವು. ಅಣೆಕಟ್ಟು, ಜೇನು ಸಾಕಣೆ, ಮಲೇರಿಯಾ. ಅವುಗಳ ನಡುವೆ ಆಗಾಗ ದಕ್ಷಿಣ ಆಫ್ರಿಕಾದ ಮೇಲಿನದು, ಅಮೆರಿಕದ ಕರಿಯರ ಮೆರವಣಿಗೆಗಳ ಮೇಲಿನದು. ಇಪ್ಪತ್ತು ನಿಮಿಷದ ಚಿತ್ರಗಳು. ಬೆಂಚಿನ ಮೇಲೆ 'ಬಿಳಿಯರಿಗೆ ಮಾತ್ರ' ಎಂದು ಬರೆದ ಫಲಕ, ಗುರುತಿನ ಪುಸ್ತಕ ತೋರಿಸುತ್ತ ಸಾಲು ನಿಂತವರು, ಹಾಡುತ್ತ ನಡೆಯುವ ಹೆಂಗಸರು. ಇಂಥ ಚಿತ್ರ ಮುಗಿದ ಮೇಲೆ ಕಾಕಾ ಎದ್ದು ನಿಂತು ಎರಡು ಮಾತಾಡುತ್ತಿದ್ದರು. ತಾವು ಬರೋಡಾಕ್ಕೆ ಬಂದ ಹೊಸತರಲ್ಲಿ ಮದ್ರಾಸಿ ಎಂದು ಏಳು ಮನೆಯವರು ಖೋಲಿ ಇಲ್ಲವೆಂದದ್ದನ್ನು ಹೇಳುತ್ತಿದ್ದರು. "ಧಾರವಾಡ ಎಲ್ಲಿ, ಮದ್ರಾಸ ಎಲ್ಲಿ? ಇವರಿಗೆ ವಿಂಧ್ಯದಾಚೆ ಎಲ್ಲಾ ಒಂದ ಊರು." ಜನ ನಗುತ್ತಿದ್ದರು. ಆಮೇಲೆ ಉಪ್ಪಿಟ್ಟು, ಚಹಾ. ಸಿಟ್ಟು ಮತ್ತು ಉಪ್ಪಿಟ್ಟು ಎರಡೂ ಬಿಸಿಯಾಗಿರುತ್ತಿದ್ದವು ಎಂದು ಬರೆಯಬೇಕೆನಿಸುತ್ತದೆ. ಬರೆದರೆ ಅದು ಈಗಿನ ನನ್ನ ಜಾಣತನ. ಆಗ ನಾನೂ ಎರಡನ್ನೂ ಮನಸಾರೆ ತೆಗೆದುಕೊಂಡವನೇ.

ಖೋಲಿ ಕೇಳಲು ಬಂದವನ ಧ್ವನಿ ಅಂದು ನನಗೆ ಕೇಳಿಸಿದ್ದು ಗುಜರಾತಿಯಲ್ಲಿ. ಒಳ್ಳೆಯ ಗುಜರಾತಿ, ನನ್ನದಕ್ಕಿಂತ ಎಷ್ಟೋ ಮೇಲು. ಕಾಕಾ ತಮ್ಮ ಗುಜರಾತಿಯಲ್ಲಿ ಉತ್ತರ ಕೊಟ್ಟರು. ಪದಗಳು ಗುಜರಾತಿಯವು, ರಾಗ ಪೂರಾ ಧಾರವಾಡದ್ದು. ಮಹಡಿಯ ಖೋಲಿ ನಿನ್ನೆಯೇ ಕೊಟ್ಟಾಯಿತು ಎಂದರು. ಕೊಟ್ಟಿರಲಿಲ್ಲ. 'ಬಾಡಿಗೆಗೆ ಇದೆ' ಎಂಬ ಬೋರ್ಡು ಗೇಟಿಗೆ ನೇತಾಡುತ್ತಿತ್ತು. ಕಾಕಾ ಒಳಗೆ ಬಂದು ಕೂತರು.

"ಯಾರು?" ಎಂದು ಕಾಕು ಕೇಳಿದರು.

"ಕಾಲೇಜಿನಾಂವ. ಆಫ್ರಿಕಾದಾಂವ."

"ಪಾಪ, ಅಷ್ಟು ದೂರದಿಂದ ಬಂದಾನ."

"ಪಾಪ ಅಂತ ಅನ್ನು, ಖೋಲಿ ಕೊಡಬ್ಯಾಡ. ನಾಳೆ ಬಾಜೂಕಿನವರು ಬಂದು ಕೇಳಿದ್ರ ಏನ್ ಹೇಳ್ತಿ?"

ಬಾಜೂಕಿನವರು ಏನೂ ಕೇಳುವವರಲ್ಲ. ಅವರ ಅರ್ಧ ಬಳಗ ಪೂರ್ವ ಆಫ್ರಿಕಾದಲ್ಲೇ ಅಂಗಡಿ ಇಟ್ಟುಕೊಂಡಿತ್ತು. ಇದನ್ನು ನಾನು ಅಂದೇ ಯೋಚಿಸಿದೆನೋ, ಮುಂದೆ ಯೋಚಿಸಿ ಅಂದಿಗೆ ಸೇರಿಸಿದೆನೋ ಹೇಳಲಾರೆ.

ಒಂದೂವರೆ ತಿಂಗಳ ಮೇಲೆ ಆ ಧ್ವನಿಯ ಮನುಷ್ಯನನ್ನು ನಾನು ಭೇಟಿಯಾದೆ. ಅಷ್ಟರಲ್ಲಿ ನಾವೇ ಒಂದು ಕಿರುಚಿತ್ರ ತೆಗೆಯಬೇಕೆಂಬ ಹುಚ್ಚು ಹತ್ತಿತ್ತು. ನಾವು ಅಂದರೆ ನಾನು ಮತ್ತು ಅಹಮದಾಬಾದಿನ ಒಬ್ಬ ಕ್ಯಾಮೆರಾದವನು. ಅವನು ಅಲ್ಲಿಯವನೇ, ಮದುವೆ, ಉದ್ಘಾಟನೆಗಳ ಚಿತ್ರ ತೆಗೆದು ಬದುಕುವವನು. ನರೋಡಾದ ಒಂದು ಬಣ್ಣದ ಕಾರ್ಖಾನೆಗೆ, ಯಂತ್ರಗಳನ್ನು ಹೇಗೆ ನಡೆಸಬೇಕೆಂದು ಕೆಲಸಗಾರರಿಗೆ ತೋರಿಸುವ ಚಿತ್ರ ಮಾಡಿಕೊಟ್ಟಿದ್ದ. ಅದರಲ್ಲಿ ಮಿಕ್ಕ ಫಿಲ್ಮಿನ ತುಂಡುಗಳು ಅವನ ಬಳಿ ಒಂದು ಡಬ್ಬಿಯಷ್ಟಿದ್ದವು. ಪರದೇಶದ ವರ್ಣಭೇದದ ಚಿತ್ರ ಎಷ್ಟು ಸಲ ನೋಡುವುದು, ನಮ್ಮ ಊರುಗಳಲ್ಲಿ ಓದಲು ಬಂದ ಆಫ್ರಿಕಾದವರನ್ನೇ ಕೇಳೋಣ ಎಂದು ಹೇಳಿದ್ದು ನಾನು. ಹಾಗೆಂದು ನಾನು ಹೇಳಿಕೊಂಡು ಬಂದಿದ್ದೇನೆ. ಕ್ಯಾಮೆರಾದವನು ಅದು ತನ್ನ ವಿಚಾರ ಎಂದು ಹೇಳಿಕೊಂಡು ಬಂದ.

ಆ ಧ್ವನಿಯ ವಿದ್ಯಾರ್ಥಿ ಕಾಲೇಜಿನ ಕಡೆಯಿಂದ ಮಕರಪುರದ ಒಂದು ವಿದ್ಯುತ್ ಮೋಟರಿನ ಕಾರ್ಖಾನೆಯಲ್ಲಿ ತರಬೇತಿಗಿದ್ದ. ನನ್ನ ಸಂಸ್ಥೆಯ ಪರಿಚಯದವರೊಬ್ಬರು ಅವನ ಬಳಿ ಕಳಿಸಿದರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಮಾತಿನ ಮೊದಲು ಒಂದು ಕ್ಷಣ ನಿಲ್ಲುವ ಅಭ್ಯಾಸ. ಅವನ ತಂದೆ ಆಫ್ರಿಕಾದ ತಮ್ಮ ಊರಿನ ಒಂದು ಗುಜರಾತಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ಅಂಗಡಿಯ ಮಕ್ಕಳ ಜೊತೆ ಆಡಿ ಗುಜರಾತಿ ಬಂದದ್ದು.

"ಇಲ್ಲಿನವರ ಭಾಷೆ ಬರುತ್ತದಲ್ಲ, ಮನೆ ಸಿಗುವುದು ಸುಲಭ ಅಂದುಕೊಂಡಿದ್ದೆ, ಭಾಯ್," ಎಂದ. "ಭಾಷೆ ಬಂದರೆ ಇನ್ನೂ ಕಷ್ಟ. ನನ್ನ ಎದುರಿಗೇ ಏನು ಮಾತಾಡಿಕೊಳ್ಳುತ್ತಾರೆ ಎಂಬುದು ತಿಳಿಯುತ್ತದೆ."

ಕೊನೆಗೆ ಒಂದು ಉಪಾಯ ಹೊಳೆಯಿತಂತೆ. ಗುಜರಾತಿಗಳಲ್ಲದವರ ಮನೆ ಹುಡುಕುವುದು. ಹೊರಗಿನಿಂದ ಬಂದವರು ಹೊರಗಿನವನ ಕಷ್ಟ ತಿಳಿಯುತ್ತಾರೆ ಎಂದು. ಹಾಗೆ ಕಾರ್ಖಾನೆಯಿಂದ ಕಾಲ್ನಡಿಗೆಯ ದೂರದಲ್ಲಿ, ದಕ್ಷಿಣದವರೆಂದು ಯಾರೋ ಹೇಳಿದ ಒಂದು ಮನೆಯ ಬಾಗಿಲು ತಟ್ಟಿದ. ಅವನು ಆ ಬಾಗಿಲ ವಿಷಯ ಹೇಳುತ್ತ ಹೋದಂತೆ ಅದು ಕಾಕಾನ ಮನೆಯೆಂದು ನನಗೆ ಗೊತ್ತಾಯಿತು. ನಾನು ಒಳಗಿದ್ದೆ ಎಂದು ಅವನಿಗೆ ಹೇಳಲಿಲ್ಲ. ಆಗ ಹೇಳಬಹುದಿತ್ತು. ಮರುದಿನ ಹೇಳುವುದು ಕಷ್ಟವಾಯಿತು, ಅದರ ಮರುದಿನ ಅಸಾಧ್ಯ.

ಚಿತ್ರಕ್ಕೆ ಅವನು ಒಪ್ಪಿದ. ಒಂದು ಷರತ್ತು ಹಾಕಿದ. ಆ ಬಾಗಿಲಲ್ಲಿ ಆದದ್ದನ್ನು ತಾನು ಹೇಳುವ ಮಾತು ಚಿತ್ರದಲ್ಲಿ ಇರಲೇಬೇಕು. "ಉಳಿದದ್ದು ಏನು ಬೇಕಾದರೂ ತೆಗೆಯಿರಿ. ಆ ಮಾತು ತೆಗೆದರೆ ನನ್ನ ಮುಖವೂ ಬೇಡ. ಮಾತಿಲ್ಲದ ಕರಿಯನ ಮುಖ ನೀವು ತೋರಿಸುವ ಎಲ್ಲ ಚಿತ್ರದಲ್ಲೂ ಇದೆ." ನಾನು ಮಾತು ಕೊಟ್ಟೆ. ಕೈ ಹಿಡಿದು ಕೊಟ್ಟೆ ಎಂದು ನೆನಪು, ಆದರೆ ಇಂಥಲ್ಲಿ ಕೈ ಹಿಡಿಯುವುದು ನನ್ನ ಸ್ವಭಾವವಲ್ಲ.

ಮೊದಲ ಸಲ ತೆಗೆದದ್ದು ಕೆಟ್ಟಿತು. ಬೆಳಕು ಅಳೆಯುವ ಮೀಟರನ್ನು ಕ್ಯಾಮೆರಾದವನು ನನ್ನ ಕೆನ್ನೆಯ ಹತ್ತಿರ ಹಿಡಿದು ನೋಡುತ್ತಿದ್ದ. ಅದು ಅವನ ರೂಢಿ. ಮದುವೆಯಲ್ಲೂ ಮದುಮಕ್ಕಳಿಗೆ ತೊಂದರೆ ಕೊಡದೆ ಪಕ್ಕದವರ ಕೆನ್ನೆ ನೋಡಿ ಬೆಳಕು ಗೊತ್ತುಮಾಡುವವನು. ಫಿಲ್ಮು ತೊಳೆದು ಬಂದಾಗ ಸುಣ್ಣದ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು, ಅಂಗಿ ಹೊಳೆಯುತ್ತಿತ್ತು, ಮುಖ ಇರಲಿಲ್ಲ. ಕಣ್ಣುಗಳಿದ್ದವು. ಅಂಗಿಯ ಮೇಲೆ ಒಂದು ತೂತು ಮಾತಾಡುತ್ತಿತ್ತು.

"ಕಾರ್ಖಾನೆ ಚಿತ್ರದಲ್ಲಿ ಎಲ್ಲರ ಮುಖವೂ ಬಂದಿತ್ತು," ಎಂದ ಕ್ಯಾಮೆರಾದವನು, ಫಿಲ್ಮಿನದೇ ತಪ್ಪು ಎನ್ನುವಂತೆ. ಮತ್ತೆ ತೆಗೆಯಲು ಹೋದಾಗ ಅವನ ಚೀಲದಲ್ಲಿ ಒಂದು ಪೌಡರಿನ ಡಬ್ಬಿ ಇತ್ತು.

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ವಿದ್ಯಾರ್ಥಿ ಡಬ್ಬಿ ತೆಗೆದುಕೊಂಡು, ಕನ್ನಡಿ ಕೇಳಿ, ನಗುತ್ತ ತಾನೇ ಹಚ್ಚಿಕೊಳ್ಳುತ್ತಾನೆ: "ನನ್ನ ತಂಗಿ ನೋಡಿದರೆ ನಗುತ್ತಾಳೆ." ಇನ್ನೊಂದರಲ್ಲಿ ಅವನು ಕುರ್ಚಿಯ ಮೇಲೆ ಕೂತಿದ್ದಾನೆ, ಕಣ್ಣು ಮುಚ್ಚಿದ್ದಾನೆ, ಅವನ ಹಣೆಯ ಮೇಲೆ ಪೌಡರಿನ ಬಟ್ಟೆ ಆಡಿಸುತ್ತಿರುವ ಕೈ ನನ್ನದು. ಮೊದಲನೆಯದು ನನಗೆ ಅನುಕೂಲದ್ದು. ಹಾಗಾಗಿ ಎರಡನೆಯದೇ ನಿಜವಿರಬೇಕು ಎಂದು ವಾದಿಸಬಹುದು. ಆದರೆ ತನ್ನನ್ನು ತಾನು ಬೈದುಕೊಳ್ಳುವುದೂ ಒಂದು ಅನುಕೂಲವೇ, ಅದನ್ನೂ ನಂಬಲಾಗದು. ಕ್ಯಾಮೆರಾದ ಬೆಳಕಿನ ಕಂಡಿಯನ್ನು ಇನ್ನೂ ಸ್ವಲ್ಪ ತೆರೆದಿದ್ದರೆ ಸಾಕಿತ್ತು, ಮೀಟರನ್ನು ಅವನ ಮುಖಕ್ಕೇ ಹಿಡಿದಿದ್ದರೆ ಸಾಕಿತ್ತು ಎಂದು ಬಹಳ ವರ್ಷದ ಮೇಲೆ ಒಬ್ಬರು ಹೇಳಿದರು. ವರ್ಣಭೇದದ ವಿರುದ್ಧ ಚಿತ್ರ ತೆಗೆಯಲು ಹೋದ ನಮಗೆ ಅವನ ಮುಖದ ಹತ್ತಿರ ಹೋಗಿ ಅಳೆಯಬೇಕೆಂದು ಹೊಳೆಯಲಿಲ್ಲ. ಈ ಸಲ ಮುಖ ಬಂತು. ಬೂದಿ ಬಣ್ಣದ್ದು.

ಬಾಗಿಲ ಚಿತ್ರವೂ ಬೇಕಿತ್ತು. ಕಾಕಾ ಗಿರಣಿಯ ತಪಾಸಣೆಗೆ ಹೋಗಿದ್ದ ದಿನ ನಾನು ಕಾಕುಗೆ, ಸುಮ್ಮನೆ ಮನೆಯದೊಂದು ಚಿತ್ರ ಎಂದು ಹೇಳಿ, ಕ್ಯಾಮೆರಾದವನನ್ನು ಕರೆತಂದೆ. ಮೆಟ್ಟಿಲು, ರಂಗೋಲಿ, ಮುಚ್ಚಿದ ಬಾಗಿಲು. ವಿದ್ಯಾರ್ಥಿ ರಸ್ತೆಯ ಆಚೆ ನಿಂತಿದ್ದ. ನಾನು ಮೆಟ್ಟಿಲ ಮೇಲಿದ್ದ ನನ್ನ ಚಪ್ಪಲಿಗಳನ್ನು ಎತ್ತಿ ಬದಿಗಿಡಲು ಹೋದೆ.

"ಇರಲಿ ಬಿಡಿ, ಭಾಯ್," ಎಂದು ಆ ಕಡೆಯಿಂದ ಕೂಗಿದ. "ಅವತ್ತೂ ಚಪ್ಪಲಿಗಳಿದ್ದವು."

ಇಂಥವೇ ಎಂದನೋ, ಬರೀ ಚಪ್ಪಲಿಗಳು ಎಂದನೋ. ನನ್ನವು ಊರಿಂದ ತಂದ ಚಪ್ಪಲಿಗಳು, ನಡೆದರೆ ಕಿರ್ ಎನ್ನುವಂಥವು. ಬರೋಡಾದಲ್ಲಿ ಅಂಥವನ್ನು ಹಾಕಿದವರು ಹೆಚ್ಚಿಗೆ ಇರಲಿಲ್ಲ. ಅವು ಚಿತ್ರದಲ್ಲಿ ಬಂದವು.

ನಮ್ಮ ಚಿತ್ರಕ್ಕೆ ಧ್ವನಿ ಫಿಲ್ಮಿನ ಮೇಲೆ ಇರಲಿಲ್ಲ, ಅದಕ್ಕೆ ಅನುಕೂಲ ಇರಲಿಲ್ಲ. ಚಿತ್ರ ಒಂದು ಕಡೆ ಮೂಕವಾಗಿ ಓಡುತ್ತಿತ್ತು, ಪಕ್ಕದಲ್ಲಿ ಟೇಪ್ ರೆಕಾರ್ಡರಿನಲ್ಲಿ ಅವನ ಮಾತು. ಶುರುವಿನ ಗುರುತಿಗೆ ಫಿಲ್ಮಿಗೆ ಒಂದು ತೂತು, ಟೇಪಿಗೆ ಒಂದು ಕೆಂಪು ಗೆರೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಹೆಚ್ಚುಕಡಿಮೆ ಕೂಡಿಕೊಂಡು ಹೋಗುತ್ತಿದ್ದವು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸ ನನ್ನದು. ನಕ್ಷೆ ಬರೆಯುವ ಕೈಯಲ್ಲವೇ. ವಿದ್ಯಾರ್ಥಿ ಎರಡು ಸಂಜೆ ಪಕ್ಕದಲ್ಲಿ ಕೂತು ನೋಡಿದ, ಒಂದೆರಡು ಸಲ ತಾನೂ ಕತ್ತರಿಸಿದ. ಕತ್ತರಿಸಬೇಕಾದ್ದು ಓರೆಯಾಗಿ, ಆಗ ಜೋಡಣೆಯ ಶಬ್ದ ಕೇಳುವುದಿಲ್ಲ ಎಂದು ನಾನೇ ಹೇಳಿಕೊಟ್ಟೆ.

ಟೇಪಿನಲ್ಲಿ ಅವನು ಇಂಗ್ಲಿಷಿನಲ್ಲಿ ಮಾತಾಡಿದ್ದ. ಬಾಗಿಲ ಮಾತು ಮಾತ್ರ ಗುಜರಾತಿಯಲ್ಲಿ. ಹನ್ನೊಂದು ಸೆಕೆಂಡು. ಗಡಿಯಾರ ಹಿಡಿದು ಅಳೆದು ಬರೆದಿಟ್ಟಿದ್ದೆ, ಆ ಚೀಟಿ ಇನ್ನೂ ಇದೆ, ಇದೊಂದನ್ನು ನಂಬಬಹುದು. ಅವನು ಹೇಳಿದ್ದು: "ಖೋಲಿ ನಿನ್ನೆಯೇ ಕೊಟ್ಟಾಯಿತು ಎಂದರು. ಬೋರ್ಡು ಇಪ್ಪತ್ತು ದಿನದ ಮೇಲೂ ಅಲ್ಲೇ ಇತ್ತು. ಒಳಗೆ ಯಾರೋ ಊಟ ಮಾಡುತ್ತಿದ್ದರು, ಅವರ ಊಟ ನಿಲ್ಲಲಿಲ್ಲ." ಮೂರನೆಯ ವಾಕ್ಯ ನಿಜವಾಗಿ ಇತ್ತೇ? ಅದನ್ನು ಕೇಳಿದ ನೆನಪಿರುವುದು ನನಗೊಬ್ಬನಿಗೆ. ಮುಂದೊಮ್ಮೆ ಕ್ಯಾಮೆರಾದವನನ್ನು ಕೇಳಿದೆ. ಊಟದ ಮಾತೇ ಇರಲಿಲ್ಲ, ಬೋರ್ಡಿನ ಜೊತೆಗೆ ನಾಯಿಯ ಮಾತಿತ್ತು ಎಂದ. ಅವನ ನೆನಪು ಮದುವೆಗಳಲ್ಲಿ ಕಲಸಿಹೋದದ್ದು, ಆದರೂ.

ಮೊದಲ ಪ್ರದರ್ಶನ ಬರೋಡಾದಲ್ಲಿ, ಸಂಘದ ಭಾನುವಾರ. ಕಾಕಾ ಮುಂದಿನ ಸಾಲಿನಲ್ಲಿ, ಕಾಕು ಹೆಂಗಸರ ಕಡೆ, ವಿದ್ಯಾರ್ಥಿ ನನ್ನ ಪಕ್ಕ ಹಿಂದೆ. ಕಾಕಾ ಅವನಿಗೆ ನಮಸ್ಕಾರ ಮಾಡಿ, ಕುರ್ಚಿ ಕೊಡಿಸಿ, "ಇವರಿಗೆ ಮೊದಲ ಚಹಾ ಕೊಡ್ರಿ" ಎಂದಿದ್ದರು. ಗುರುತು ಹತ್ತಿತೋ ಇಲ್ಲವೋ. ಬಾಗಿಲ ಚಿತ್ರ ಬಂತು. ನಾನು ಕಾಕಾನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಆಮೇಲೆ ಆ ಮಾತು. ವಿದ್ಯಾರ್ಥಿ ಕಾಕಾನ ಗುಜರಾತಿಯನ್ನು ರಾಗಸಮೇತ ಎತ್ತಿದ್ದ, ಕೊನೆಯ ಅಕ್ಷರವನ್ನು ಎಳೆಯುವ ಧಾರವಾಡದ ಎಳೆತವನ್ನೂ ಬಿಡದೆ. ಕೋಣೆಯೆಲ್ಲ ನಕ್ಕಿತು. ನಮ್ಮವರೇ ಯಾರೋ ಎಂದು ಎಲ್ಲರಿಗೂ ತಿಳಿಯಿತು. ಯಾರೆಂದು ಎಷ್ಟು ಜನಕ್ಕೆ ತಿಳಿಯಿತೋ. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ.

"ಅಗದೀ ನಮ್ಮ ಮಂದಿ ಮಾತಾಡಿದ್ಹಂಗ ಅದ," ಎಂದರು ಆಮೇಲೆ, ಕಣ್ಣು ಒರೆಸಿಕೊಳ್ಳುತ್ತ. "ಯಾರದೋ ಮನಿ ಅದು?"

ನಾನು ಯಾವುದೋ ಒಂದು ಎಂದೆ. ರಂಗೋಲಿ ಹಾಕಿದ ಬಾಗಿಲು ಅವರದೇ. ಅದನ್ನು ದಿನಾ ತೆರೆದು ಹಾಕಿ ಮಾಡುವ ಮನುಷ್ಯನಿಗೆ, ಸುಟ್ಟ ಹತ್ತಿಯ ಬಣ್ಣ ನೋಡಿ ಬೆಂಕಿ ಎಲ್ಲಿ ಹುಟ್ಟಿತೆಂದು ಹೇಳುವ ಮನುಷ್ಯನಿಗೆ, ಗುರುತು ಹತ್ತಲಿಲ್ಲ ಎಂದು ನಾನು ನಂಬಬೇಕೇ? ಅಥವಾ ಮನುಷ್ಯ ತನ್ನ ಬಾಗಿಲನ್ನು ಹೊರಗಿನಿಂದ ಎಂದೂ ನೋಡುವುದಿಲ್ಲವೇ?

ಮುಂದಿನ ಭಾನುವಾರ ಸೂರತ್ತಿನಲ್ಲಿ ತೋರಿಸುವುದಿತ್ತು. ನಾನು ಕೆಲಸಕ್ಕೆ ಅಹಮದಾಬಾದಿಗೆ ಮರಳಬೇಕಿದ್ದರಿಂದ ರೀಲು ಮತ್ತು ಟೇಪಿನ ಡಬ್ಬಿಗಳನ್ನು ಕಾಕಾನ ಮನೆಯಲ್ಲೇ ಇಟ್ಟೆ. ನಡುವೆ ಗುರುವಾರ ಕ್ಯಾಮೆರಾದವನು ಬರೋಡಾದ ಒಂದು ಮದುವೆಗೆ ಬಂದವನು, ಟೇಪಿನ ನಕಲು ಮಾಡಿಕೊಳ್ಳುತ್ತೇನೆಂದು ಒಯ್ದು ಮರುದಿನ ತಂದಿಟ್ಟ. ಶನಿವಾರ ಸಂಜೆ ನಾನು ಅಲ್ಲಿಗೆ ಹೋಗಿ ತಂಗಿದೆ, ಡಬ್ಬಿಗಳಿದ್ದ ಕೋಣೆಯಲ್ಲೇ. ಭಾನುವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ವಿದ್ಯಾರ್ಥಿ ಬಂದು, ಭಾರ ಹಂಚಿಕೊಳ್ಳೋಣ ಎಂದು ಟೇಪಿನ ಡಬ್ಬಿ ತೆಗೆದುಕೊಂಡ. ರೈಲಿನಲ್ಲಿ ಜಾಗ ಸಿಗದೆ ಅವನು ಒಂದು ಬೋಗಿಯಲ್ಲಿ, ನಾನು ಮತ್ತು ಕ್ಯಾಮೆರಾದವನು ಇನ್ನೊಂದರಲ್ಲಿ ಕೂತೆವು. ಇದನ್ನೆಲ್ಲ ಇಷ್ಟು ಸರಿಯಾಗಿ ಬರೆಯುತ್ತಿರುವುದು ಏಕೆಂದರೆ, ಆ ವಾರ ಟೇಪು ಯಾರ ಕೈಯಲ್ಲಿತ್ತು ಎಂಬುದನ್ನು ನಾನು ಎಷ್ಟೋ ಸಲ ನಕ್ಷೆಯಂತೆ ಬರೆದು ನೋಡಿದ್ದೇನೆ. ಇಷ್ಟು ಸರಿಯಾಗಿರುವುದೇ ಅನುಮಾನಕ್ಕೆ ಕಾರಣ.

ಸೂರತ್ತಿನ ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಒಂದು ಕಾರ್ಖಾನೆಯ ಮೇಲಿನ ಹಜಾರದಲ್ಲಿ ಪ್ರದರ್ಶನ. ಮಧ್ಯಾಹ್ನದ ಹೊತ್ತು, ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು. ರೈಲ್ವೆಯ ನಾಲ್ಕಾರು ಕನ್ನಡ ಕುಟುಂಬಗಳು, ಕಾಲೇಜಿನವರು, ರಜೆಯ ದಿನವೆಂದು ಸುಮ್ಮನೆ ಬಂದ ಸಾಣೆಯವರು. ತೂತಿಗೆ ಗೆರೆ ಕೂಡಿಸಿ ಎರಡನ್ನೂ ಬಿಟ್ಟೆವು. ಎಲ್ಲ ಸರಿಯಾಗಿ ನಡೆದಿತ್ತು. ಬಾಗಿಲು ಬಂತು. ರಂಗೋಲಿ, ಚಪ್ಪಲಿಗಳು. ಮಾತು ಬರಲಿಲ್ಲ.

ಮಾತು ಬರಲಿಲ್ಲ ಎಂದರೆ ಮೌನವಲ್ಲ. ಅದರ ಮುಂದಿನ ಮಾತು ನೇರವಾಗಿ ಬಂದುಬಿಟ್ಟಿತು, ಕಾಲೇಜಿನ ಗ್ರಂಥಾಲಯದ್ದು. ಅಲ್ಲಿಂದ ಕೊನೆಯವರೆಗೂ ಚಿತ್ರಕ್ಕಿಂತ ಧ್ವನಿ ಮುಂದೆ ಮುಂದೆ ಓಡಿತು. ಟೇಪು ಮುಗಿದು ಬಾಲ ಪಟಪಟ ಹೊಡೆಯತೊಡಗಿತು. ಬೆಳ್ಳಗಿನ ಪರದೆಯ ಮೇಲೆ ವಿದ್ಯಾರ್ಥಿಯ ಮುಖ ಉಳಿದಿತ್ತು. ಹತ್ತಿರದಿಂದ ತೆಗೆದ, ಪೌಡರು ಹಚ್ಚಿದ, ಬೂದಿಯ ಮುಖ. ತುಟಿಗಳು ತೆರೆದುಕೊಂಡು ಮುಚ್ಚಿಕೊಂಡು ಮಾಡುತ್ತಿದ್ದವು. ಹನ್ನೊಂದು ಸೆಕೆಂಡು. ಯಾರೋ ಕೆಮ್ಮಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಕೊನೆಗೆ ಮೌನ ಇಟ್ಟದ್ದು ಬಹಳ ಪರಿಣಾಮಕಾರಿ ಎಂದು ಕಾಲೇಜಿನವರೊಬ್ಬರು ಎದ್ದು ಹೇಳಿದರು.

ವಿದ್ಯಾರ್ಥಿ ನನ್ನ ಕಡೆ ನೋಡಿದ. ನಾನು ಕ್ಯಾಮೆರಾದವನ ಕಡೆ ನೋಡಿದೆ.

"ನನ್ನನ್ನೇಕೆ ನೋಡುತ್ತೀಯ, ಮದ್ರಾಸಿ?" ಎಂದ ಅವನು. "ಇಲ್ಲಿ ಕರೆಂಟು ಏರಿಳಿಯುತ್ತದೆ. ಟೇಪು ಜೋರಾಗಿ ಓಡಿರಬೇಕು."

"ಓಡಿದರೆ ಮಾತು ತೆಳ್ಳಗಾಗುತ್ತದೆ. ಮಾಯವಾಗುವುದಿಲ್ಲ."

ಟೇಪನ್ನು ಹಿಂದಕ್ಕೆ ಸುತ್ತಿ ಆ ಜಾಗ ಹುಡುಕಿದೆವು. ಒಂದು ಹೊಸ ಜೋಡಣೆ ಇತ್ತು. ಸುಮಾರು ಏಳು ಅಡಿ ಟೇಪು, ಅರ್ಧ ಧೋತರದಷ್ಟು ಉದ್ದ, ಹೋಗಿತ್ತು. ಅಲ್ಲೇ ನಿಂತಿದ್ದ ವಯಸ್ಸಾದ ಸಾಣೆಯವನೊಬ್ಬ ಜೇಬಿನಿಂದ ತನ್ನ ಪುಟ್ಟ ಭೂತಗನ್ನಡಿ ತೆಗೆದು ಕಣ್ಣಿಗೆ ಒತ್ತಿಕೊಂಡು, ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನಿಗೆ ಇದು ಮೋಜು.

"ಅವಸರದ ಕೈ ಅಲ್ಲ," ಎಂದ. "ಸಿಟ್ಟಿನ ಕೈಯೂ ಅಲ್ಲ. ಕೂತು, ಉಸಿರು ಹಿಡಿದು ಕತ್ತರಿಸಿದ್ದು. ಓರೆಯಾಗಿ. ಕಲಿತವರು."

ಕ್ಯಾಮೆರಾದವನು ಯಾವತ್ತೂ ನೇರ ಕತ್ತರಿಸುತ್ತಾನೆ. ಹಾಗೆಂದು ಅವನೇ ಹೇಳಿದ, ನಗುತ್ತ. ಉಳಿದದ್ದು ಓರೆ ಕಲಿಸಿದವನು ಮತ್ತು ಕಲಿತವನು. ಆದರೆ ಗುರುವಾರ ನಕಲಿಗೆಂದು ಕೊಟ್ಟ ಅಂಗಡಿಯವನಿಗೂ ಓರೆ ಗೊತ್ತಿರಬಹುದು. ನಕಲು ಎಲ್ಲಿ ಎಂದರೆ, ಯಂತ್ರ ಕೆಟ್ಟಿತ್ತು, ಮಾಡಿಸಲಾಗಲಿಲ್ಲ ಎಂದ. ಕಾಕಾ ಅವನಿಗೆ ಏನಾದರೂ ಹೇಳಿದರೇ ಎಂದು ಕೇಳಿದೆ. "ಚಹಾ ಕೊಟ್ಟರು, ಮಗಳ ಮದುವೆ ಚಿತ್ರಕ್ಕೆ ಬಾ ಎಂದರು," ಎಂದ. ಆ ಮದುವೆ ಮುಂದೆ ಆಯಿತು, ಚಿತ್ರ ಅವನೇ ತೆಗೆದ. ಇದರಿಂದ ಏನೂ ಸಾಬೀತಾಗುವುದಿಲ್ಲ.

ವಿದ್ಯಾರ್ಥಿಯನ್ನೂ ನಾನು ಅನುಮಾನಿಸಿದೆ. ಬರೋಡಾದ ಆ ನಗುವಿನ ಮೇಲೆ. ತನಗಾದದ್ದನ್ನು ಹೇಳಲು ಹೋದವನು ಜನರನ್ನು ನಗಿಸಿಬಿಟ್ಟಿದ್ದ. ಅಥವಾ ಕಾರ್ಖಾನೆಯಲ್ಲಿ ಯಾರಾದರೂ ಹೆದರಿಸಿದರೇ? ಮಾತು ತೆಗೆದು ಮುಖ ಮಾತ್ರ ಉಳಿದರೆ ಹೇಗೆ ಕಾಣುತ್ತದೆ ಎಂದು ನಮಗೆ ತೋರಿಸಲೆಂದೇ ಮಾಡಿದನೇ? ಈ ಕೊನೆಯದು ನನಗೆ ಬಹಳ ಹಿಡಿಸಿದ ಊಹೆ. ಹಿಡಿಸಿತು ಎಂಬ ಕಾರಣಕ್ಕೇ ಅದನ್ನು ದೂರ ಇಟ್ಟಿದ್ದೇನೆ.

ಸೂರತ್ ಸ್ಟೇಷನ್ನಿನಲ್ಲಿ ಅವನು ನನ್ನ ಹತ್ತಿರ ಬಂದು ನಿಂತ. ಮಾತಿನ ಮೊದಲು ಎಂದಿನಂತೆ ಒಂದು ಕ್ಷಣ.

"ನೀವು ಕೊಟ್ಟದ್ದು ಒಂದೇ ಮಾತು, ಭಾಯ್."

"ನಾನು ಕತ್ತರಿಸಲಿಲ್ಲ."

"ಯಾರು ಕತ್ತರಿಸಿದರು ಎಂದು ನಾನು ಕೇಳಲಿಲ್ಲ. ಮಾತಿಲ್ಲದಿದ್ದರೆ ಮುಖ ಬೇಡ ಎಂದಿದ್ದೆ. ಮುಖ ನನಗೆ ಕೊಡಿ."

ಅವನ ಮುಖವಿರುವ ಫಿಲ್ಮಿನ ತುಂಡುಗಳನ್ನು ಕೇಳುತ್ತಿದ್ದ. ರೀಲು ನನ್ನ ಚೀಲದಲ್ಲೇ ಇತ್ತು. ಕ್ಯಾಮೆರಾದವನು, ಫಿಲ್ಮು ತನ್ನದು, ಒಂದು ಅಡಿಯೂ ಕೊಡುವುದಿಲ್ಲ ಎಂದ. ನಾನು ನಡುವೆ ಬಿದ್ದು, ಮುಂದಿನ ವಾರ ನಾನೇ ಕತ್ತರಿಸಿ ಕಳಿಸುತ್ತೇನೆ ಎಂದೆ. ಅವನು ನನ್ನ ಕಾಲಿನ ಕಡೆ ನೋಡಿದ. ಚಪ್ಪಲಿ ನೋಡಿದನೋ, ಬರೀ ತಲೆ ತಗ್ಗಿಸಿದನೋ. ಬೇರೆ ಬೋಗಿ ಹತ್ತಿದ.

ವಾರದೊಳಗೆ ನಾನು ಕಾಕಾನ ಮನೆಗೆ ಹೋದೆ. ಕಾಕಾ ತೂಗುಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

"ಕಾಕಾ, ಟೇಪಿನ ಡಬ್ಬಿ ಯಾರರ ತಗದಿದ್ರೇನು?"

"ನಿಮ್ಮ ಕಾಕು ಅದರ ಮ್ಯಾಲ ಹಪ್ಪಳದ ಡಬ್ಬಿ ಇಟ್ಟಿದ್ಲು. ತಗೀಬೇಕಂದ್ರ ಮೊದಲ ಹಪ್ಪಳ ಇಳಿಸಬೇಕಾಗ್ತಿತ್ತು. ಯಾಕ?"

"ಒಂದು ತುಂಡು ಹೋಗೇದ. ಖೋಲಿ ಇಲ್ಲ ಅಂದದ್ದು."

ಅವರು ಅಡಕತ್ತರಿ ಕೆಳಗಿಟ್ಟರು. ಸಿಟ್ಟಾಗಲಿಲ್ಲ. "ಅದು ನಮ್ಮ ಮನಿ ಮಾತು ಅಂತ ನನಗ ಗೊತ್ತಿತ್ತೋ ಇಲ್ಲೋ, ಅದನ್ನ ನೀ ಕೇಳ್ಲಿಕ್ಕೆ ಬಂದೀದಿ. ಹೌದಲ್ಲೋ?"

ನಾನು ಕೆಳಗೆ ಬಿದ್ದ ಅಡಿಕೆಯ ಚೂರೊಂದನ್ನು ಎತ್ತಿ ತಟ್ಟೆಗೆ ಹಾಕಿದೆ.

"ಇಪ್ಪತ್ತು ವರ್ಷ ಸುಟ್ಟ ಗೋದಾಮು ನೋಡೀನಿ. ಬೆಂಕಿ ಬಿದ್ದಲ್ಲೆ ಹೋಗಿ ಮೊದಲ ಪ್ರಶ್ನಿ ಯಾರಿಗೆ ಕೇಳ್ತೀನಿ ಹೇಳು?"

"ಮಾಲಕಗ."

"ಹಂಗಾರ ಆ ಟೇಪಿನ ಮಾಲಕ ಯಾರು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕು, ಯಾರನ್ನು ಬಿಡಿಸಲು ಹೊರಟರೋ ತಿಳಿಯದು, ನಡುವೆ ಬಾಯಿ ಹಾಕಿದರು.

"ಅವನಿಗ್ಯಾಕ ಕಾಡ್ತೀರಿ? ಆವತ್ತ ಆ ಹುಡುಗ ಬಂದಾಗ ಭಕ್ಕರಿ ಅರ್ಧಕ್ಕ ಬಿಟ್ಟು ಎದ್ದು ಬಾಗಲ ತನಕಾ ಹೋಗಿದ್ದ ಇಂವಾ. ನೀವು ಕಣ್ಣು ಬಿಟ್ರಿ, ವಾಪಸ್ ಬಂದು ಕೂತಾ."

ಹಾಗಾದರೆ ನಾನು ಎದ್ದಿದ್ದೆ. ಬಾಗಿಲವರೆಗೂ ಹೋಗಿದ್ದೆ. ಹೋಗಿದ್ದರೆ ಅವನು ನನ್ನನ್ನು ನೋಡಿದ್ದ. ಮಕರಪುರದಲ್ಲಿ ಮೊದಲ ಭೇಟಿಯಾದ ದಿನದಿಂದ, ಪೌಡರು ಹಚ್ಚಿಸಿಕೊಂಡಾಗ, ಚಪ್ಪಲಿ ಇರಲಿ ಎಂದಾಗ, ಟೇಪು ಕತ್ತರಿಸುವ ನನ್ನ ಕೈಯನ್ನು ಎರಡು ಸಂಜೆ ನೋಡುತ್ತ ಕೂತಾಗ, ನಾನು ಹೇಳುತ್ತೇನೋ ಎಂದು ಕಾಯುತ್ತಿದ್ದ. ಅಥವಾ ಕಾಕು ನನಗೆ ಸಮಾಧಾನವಾಗಲೆಂದು ಆ ಹೊತ್ತಿಗೆ ಹುಟ್ಟಿಸಿದ ಮಾತು ಅದು. ಕಾಕಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಡಕತ್ತರಿ ಎತ್ತಿಕೊಂಡರು. ಮಹಡಿಯ ಖೋಲಿಗೆ ಆ ತಿಂಗಳು ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಬಂದರು.

ಕೆಲವು ಸಲ ಬ್ಲೇಡು ಟೇಪಿನೊಳಗೆ ಇಳಿಯುವ ಸಣ್ಣ ಜಾರು ನನ್ನ ಹೆಬ್ಬೆರಳಿಗೆ ನೆನಪಾಗುತ್ತದೆ. ಆ ಚಿತ್ರಕ್ಕಾಗಿ ಎಷ್ಟೋ ತುಂಡು ಕತ್ತರಿಸಿದ್ದೇನೆ, ಯಾವುದರ ನೆನಪು ಎಂದು ಬೆರಳು ಹೇಳುವುದಿಲ್ಲ. ಶನಿವಾರ ಸಂಜೆ ಆ ಕೋಣೆಯಲ್ಲಿ ಹಪ್ಪಳದ ಡಬ್ಬಿ ಕೆಳಗಿಳಿಸಿದ್ದು ನಾನೇ. ಮರುದಿನ ಒಯ್ಯಬೇಕಿತ್ತಲ್ಲ, ಇಳಿಸಲೇಬೇಕಿತ್ತು. ಇಳಿಸಿದ ಮೇಲೆ ಏನು ಮಾಡಿದೆ ಎಂದು ನೆನಪಿಲ್ಲ. ಮಲಗಿರಬೇಕು.

ಮುಖದ ತುಂಡುಗಳನ್ನು ನಾನು ಕಳಿಸಲಿಲ್ಲ. ಇದರಲ್ಲಿ ಅನುಮಾನವಿಲ್ಲ, ರೀಲು ಈಗಲೂ ನನ್ನ ಬಳಿಯೇ ಇದೆ. ಡಬ್ಬಿ ತೆರೆದರೆ ಹುಳಿ ವಾಸನೆ ಬರುತ್ತದೆ, ಫಿಲ್ಮು ಸುರುಟಿಕೊಂಡಿದೆ, ಯಾವ ಯಂತ್ರದಲ್ಲೂ ಓಡುವುದಿಲ್ಲ. ಬೆಳಕಿಗೆ ಹಿಡಿದರೆ ಒಂದೊಂದಾಗಿ ಆ ಮುಖ ಕಾಣುತ್ತದೆ. ಅವನಿಗೆ ಬರೋಡಾದಲ್ಲಿ ಕೊನೆಗೆ ಖೋಲಿ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಅಂದು ಬಾಗಿಲಲ್ಲಿ ನನ್ನನ್ನು ನೋಡಿದ್ದನೋ ಗೊತ್ತಿಲ್ಲ. ಆ ಹನ್ನೊಂದು ಸೆಕೆಂಡನ್ನು ಯಾರು ಕತ್ತರಿಸಿದರು ಎಂಬುದೂ ಗೊತ್ತಿಲ್ಲ. ನಾನಲ್ಲ ಎಂದು ಸ್ಟೇಷನ್ನಿನಲ್ಲಿ ಹೇಳಿದ್ದೆ. ಅದು ನಿಜವೋ ಅಲ್ಲವೋ, ಅದೂ ನನ್ನ ಬಳಿ ಇಲ್ಲ.